ತಿವೊಲಿಯ ಗುಡ್ಡದ ಮೇಲಿನ ಬೇಸಿಗೆ ಅರಮನೆ
(ಶತಮಾನೋತ್ಸವದ ಅಂಗವಾಗಿ ನಡೆದ ಸಭೆಯಲ್ಲಿ ವಿಚಾರಣಾ ಗುರುಗಳು ಮಾಡಿದ ಭಾಷಣ)



ಹಳೆಯ ಕಟ್ಟಡವೊಂದನ್ನು ಕಂಡಾಗ ಕಟ್ಟಿಸಿದವರಾರೆಂದು ಕೇಳುವುದು ರೂಢಿ. ಅದು ಯಾರ ನೆಲದ ಮೇಲೆ ಎದ್ದಿತೆಂದು ಕೇಳುವವರು ವಿರಳ. ನಮ್ಮ ದೇವಾಲಯಕ್ಕೆ ನೂರು ವರ್ಷ ತುಂಬಿರುವಾಗ ಈ ಎರಡು ಪ್ರಶ್ನೆಗಳನ್ನೂ, ರೋಮ್ ನಗರದ ಪೂರ್ವಕ್ಕೆ ಸುಮಾರು 30 ಕಿಲೋಮೀಟರು ದೂರದ ತಿವೊಲಿಯಲ್ಲಿರುವ ವಿಲ್ಲಾ ದೆಸ್ತೆಯನ್ನು ಕುರಿತು ಕೇಳಬಯಸುತ್ತೇವೆ.

ಕಾರ್ಡಿನಲ್ ಇಪ್ಪೋಲಿತೋ ದೆಸ್ತೆಯವರು ಜಗದ್ಗುರು ಪೀಠವನ್ನು ಬಯಸಿದರೂ ಪಡೆಯಲಾರದೆ ಹೋದವರು. 1550ರಲ್ಲಿ ಜಗದ್ಗುರು ಮೂರನೆಯ ಜೂಲಿಯಸರು ಅವರನ್ನು ತಿವೊಲಿಯ ಆಡಳಿತಾಧಿಕಾರಿಯಾಗಿ ನೇಮಿಸಿದರು. ಅಲ್ಲಿ ಅವರಿಗೆ ದೊರೆತ ನಿವಾಸವು ಫ್ರಾನ್ಸಿಸ್ಕನ್ ಮಠದ ಒಂದು ಭಾಗ. ಮಠದ ಅಂಗಳವೇ ಅರಮನೆಯ ಅಂಗಳವಾಯಿತು. ಸನ್ಯಾಸಿಗಳು ಮೌನವಾಗಿ ನಡೆದಾಡಿದ ಜಾಗದ ಸುತ್ತ ಚಿತ್ರಾಲಂಕೃತ ಕೋಣೆಗಳೆದ್ದವು.

ಆದರೆ ಇಲ್ಲಿ ಕಟ್ಟಡಕ್ಕಿಂತಲೂ ಇಳಿಜಾರೇ ದೊಡ್ಡ ಶಿಲ್ಪವೆಂಬುದು ನಮ್ಮ ಅಭಿಪ್ರಾಯ. ವಾಸ್ತುಶಿಲ್ಪಿ ಪಿರ್ರೋ ಲಿಗೋರಿಯೋ ಗುಡ್ಡದ ಮಗ್ಗುಲನ್ನು ಕಡಿಸಿ, ತಗ್ಗನ್ನು ತುಂಬಿಸಿ, ಒಂದರ ಕೆಳಗೊಂದರಂತೆ ಜಗಲಿಗಳನ್ನು ನಿರ್ಮಿಸಿದ. ಅಂದಿನ ಅತಿಥಿಗಳು ಕೆಳಗಿನ ಬಾಗಿಲಿನಿಂದ ಪ್ರವೇಶಿಸಿ, ಕಾರಂಜಿಗಳ ನಡುವೆ ಏರುತ್ತ ಏರುತ್ತ ಅರಮನೆಯನ್ನು ತಲುಪಬೇಕಿತ್ತು. ಇಂದಿನ ಪ್ರವಾಸಿಗರು ಬಹುಪಾಲು ಮೇಲಿನಿಂದ ಇಳಿಯುವುದರಿಂದ ಆತನ ಉದ್ದೇಶವನ್ನು ತಲೆಕೆಳಗಾಗಿಯೇ ನೋಡುತ್ತಾರೆ!

ಅನಿಯೆನೆ ನದಿಯ ನೀರನ್ನು ಪಟ್ಟಣದ ಅಡಿಯಲ್ಲಿ ಸುಮಾರು 600 ಮೀಟರು ಉದ್ದದ ಸುರಂಗ ಕೊರೆದು ತರಲಾಯಿತು. ಎತ್ತುವ ಯಂತ್ರ ಒಂದೂ ಇರಲಿಲ್ಲ. ಎತ್ತರದಿಂದ ಬೀಳುವ ನೀರಿನ ಭಾರವೇ ಕಾರಂಜಿಗಳನ್ನು ಚಿಮ್ಮಿಸಿತು. ಒಂದು ಕಾರಂಜಿಯಲ್ಲಂತೂ ಆರ್ಗನ್ ವಾದ್ಯವನ್ನೇ ಅಡಗಿಸಿದ್ದರು. ಧುಮುಕುವ ನೀರು ತನ್ನೊಡನೆ ಗಾಳಿಯನ್ನೂ ಕೋಣೆಯೊಳಕ್ಕೆ ಸೆಳೆದೊಯ್ಯುತ್ತದೆ. ಒತ್ತಡಕ್ಕೊಳಗಾದ ಆ ಗಾಳಿ ಕೊಳವೆಗಳಲ್ಲಿ ನಾದವಾಗುತ್ತದೆ. ನೀರಿನಿಂದಲೇ ತಿರುಗುವ ಚಕ್ರವು ಸ್ವರಗಳ ಸರದಿಯನ್ನು ನಡೆಸುತ್ತದೆ. ಬೆರಳಿಲ್ಲದೆ ನುಡಿಯುವ ವಾದ್ಯ! ನಮ್ಮ ಗಾಯಕವೃಂದದವರು ಕ್ಷಮಿಸಬೇಕು.

ಈ ಸೊಬಗಿಗೆ ಬೆಲೆ ತೆತ್ತವರಾರು? ಉದ್ಯಾನಕ್ಕಾಗಿ ಇಳಿಜಾರಿನ ಮನೆಗಳನ್ನು ಕೊಂಡು ಕೆಡವಲಾಯಿತು. ತಿವೊಲಿಯ ನಿವಾಸಿಗಳು ಕಾರ್ಡಿನಲರ ವಿರುದ್ಧ ನ್ಯಾಯಸ್ಥಾನದ ಮೆಟ್ಟಿಲನ್ನೂ ಹತ್ತಿದರು. ಸಮೀಪದ ಹೇಡ್ರಿಯನ್ ಚಕ್ರವರ್ತಿಯ ಪುರಾತನ ಅರಮನೆಯಿಂದ ವಿಗ್ರಹಗಳನ್ನೂ ಅಮೃತಶಿಲೆಯನ್ನೂ ಅಗೆದು ತಂದರು. ಇದೇ ಕಾಲದಲ್ಲಿ, 1563ರ ಡಿಸೆಂಬರಿನಲ್ಲಿ, ಟ್ರೆಂಟ್ ಮಹಾಸಭೆಯು ಧರ್ಮಾಧ್ಯಕ್ಷರೂ ಕಾರ್ಡಿನಲರೂ ಸರಳ ಗೃಹೋಪಕರಣ ಹಾಗೂ ಮಿತವಾದ ಭೋಜನದಿಂದ ತೃಪ್ತರಾಗಿರಬೇಕೆಂದು ವಿಧಿಸಿತು. ತಿವೊಲಿಯಲ್ಲಿ ಕೆಲಸ ನಿಲ್ಲಲಿಲ್ಲ. ಧರ್ಮಸಭೆಯ ಚರಿತ್ರೆಯನ್ನು ಬಲ್ಲ ನಾವು ಇದನ್ನು ಮರೆಮಾಚಬೇಕಾಗಿಲ್ಲ. ಆ ಸೊಬಗನ್ನು ಅಲ್ಲಗಳೆಯಬೇಕಾಗಿಯೂ ಇಲ್ಲ.

1572ರಲ್ಲಿ ಕಾರ್ಡಿನಲರು ನಿಧನರಾದರು. ಅನಂತರ ಉದ್ಯಾನವು ಹಲವರ ಕೈ ಸೇರಿ, ದೀರ್ಘಕಾಲ ಪಾಳುಬಿದ್ದು, ಮೊದಲನೆಯ ಮಹಾಯುದ್ಧದ ತರುವಾಯ ಇಟಲಿ ಸರ್ಕಾರದ ವಶವಾಯಿತು. 1944ರ ಬಾಂಬು ದಾಳಿಯಲ್ಲಿ ಹಾನಿಗೊಂಡು ದುರಸ್ತಿಯಾಯಿತು. 2001ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಬಹುಕಾಲ ಮೂಕವಾಗಿದ್ದ ಆರ್ಗನ್ ಕೂಡ ಈ ಶತಮಾನದ ಆರಂಭದಲ್ಲಿ ಮತ್ತೆ ನುಡಿಯತೊಡಗಿತು. ಅರಮನೆಯ ಬಾಗಿಲ ಪಕ್ಕದಲ್ಲಿ, ಸನ್ಯಾಸಿಗಳು ಪ್ರಾರ್ಥಿಸುತ್ತಿದ್ದ ಸಾಂತಾ ಮರಿಯಾ ಮಜ್ಜೋರೆ ದೇವಾಲಯವು ಇಂದಿಗೂ ನಿಂತಿದೆ.