74ಕ್ಕೂ 00ಗೂ ನಡುವಿನ ಅಕ್ಷರಗಳು



ಭಾಷೆಯ ಮೇಷ್ಟ್ರಿಗೆ ಐ.ಸಿ.ಯ ಗೊಡವೆ ಏಕೆ ಎಂದು ನೀವು ಕೇಳಬಹುದು. ಉರ್ದು, ಕನ್ನಡ ಮಾಧ್ಯಮದಲ್ಲಿ ಓದಿ ಡಿಪ್ಲೊಮಾ ಎಲೆಕ್ಟ್ರಾನಿಕ್ಸ್ ಸೇರಿದ ನಮ್ಮ ಎಷ್ಟೋ ಮಕ್ಕಳು ಇಂಗ್ಲಿಷ್ ಪುಸ್ತಕಕ್ಕೆ ಹೆದರಿ ಹಿಂದೆ ಸರಿಯುತ್ತಾರೆ. ಅವರಿಗೆ ಹೇಳುವುದಿಷ್ಟೆ: ಐ.ಸಿ.ಯ ಬೆನ್ನ ಮೇಲಿನ ಬರಹವೂ ಒಂದು ಲಿಪಿ. ಅದರಲ್ಲಿ ಕಲಿಯಬೇಕಾದ ಅಕ್ಷರಗಳು ಬಹಳ ಇಲ್ಲ.

74ಎಲ್‌ಎಸ್00 ಎಂಬುದನ್ನು ತೆಗೆದುಕೊಳ್ಳಿ. ಕೊನೆಯ 00 ಅದರ ಕೆಲಸ: ತಲಾ ಎರಡು ಇನ್‌ಪುಟ್‌ಗಳ ನಾಲ್ಕು ನ್ಯಾಂಡ್ ಗೇಟುಗಳು. ಮೊದಲ 74 ಸರಣಿಯ ಹೆಸರು. ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1964ರಲ್ಲಿ ಸೈನ್ಯದ ಬಳಕೆಗೆ 54 ಸರಣಿಯನ್ನು ತಂದಿತು. 74 ಅದರ ಅಗ್ಗದ ತಮ್ಮ. ನಡುವಿನ ಅಕ್ಷರವೇ ಮನೆತನ. ಅಕ್ಷರವಿಲ್ಲದ ಹಳೆಯ 7400ರ ಒಂದು ಗೇಟು ಸುಮಾರು 10 ಮಿಲಿವ್ಯಾಟ್ ತಿಂದು 10 ನ್ಯಾನೊಸೆಕೆಂಡಿನಲ್ಲಿ ಉತ್ತರ ಕೊಡುತ್ತಿತ್ತು. ಎಲ್ ಮನೆತನ 1 ಮಿಲಿವ್ಯಾಟಿಗೆ ಇಳಿಯಿತು, ಆದರೆ 33 ನ್ಯಾನೊಸೆಕೆಂಡ್ ತೆಗೆದುಕೊಂಡಿತು. ಎಸ್ ಎಂದರೆ ಶಾಟ್ಕಿ ಡಯೋಡ್ ಇರುವಂಥದ್ದು. 3 ನ್ಯಾನೊಸೆಕೆಂಡ್ ಸಾಕು, ವಿದ್ಯುತ್ ಖರ್ಚು ಮಾತ್ರ ಸುಮಾರು ಎರಡು ಪಟ್ಟು. ಎರಡೂ ಕೂಡಿದ ಎಲ್‌ಎಸ್ 2 ಮಿಲಿವ್ಯಾಟಿನಲ್ಲೇ ಹಳೆಯ ವೇಗ ಕೊಟ್ಟಿತು. ಕಾಲೇಜು ಪ್ರಯೋಗಾಲಯಗಳಲ್ಲಿ ಅದು ನೆಲೆ ನಿಂತದ್ದರಲ್ಲಿ ಆಶ್ಚರ್ಯವಿಲ್ಲ.

ಇವೆಲ್ಲ 5 ವೋಲ್ಟಿನ ಟಿಟಿಎಲ್. ನಡುವೆ ಸಿ ಬಂದರೆ ಸಾಮಾನ್ಯವಾಗಿ ಸಿಮಾಸ್. 74ಎಚ್‌ಸಿ 2ರಿಂದ 6 ವೋಲ್ಟಿನವರೆಗೆ ನಡೆಯುತ್ತದೆ. ಸುಮ್ಮನಿದ್ದಾಗ ಅದರ ವಿದ್ಯುತ್ ಖರ್ಚು ಇಲ್ಲವೆನ್ನುವಷ್ಟು ಕಡಿಮೆ. ಮೋಸ ಹೋಗುವ ಜಾಗವೂ ಇದೇ. ಎಲ್‌ಎಸ್ ತನ್ನ ಔಟ್‌ಪುಟ್‌ನಲ್ಲಿ ‘ಒಂದು’ ಎನ್ನುವಾಗ ಖಾತ್ರಿಯಾಗಿ ಸಿಗುವುದು 2.7 ವೋಲ್ಟ್ ಮಾತ್ರ. 5 ವೋಲ್ಟಿನಲ್ಲಿ ನಡೆಯುವ ಎಚ್‌ಸಿ ಅದನ್ನು ‘ಒಂದು’ ಎಂದು ಒಪ್ಪಲು 3.5 ವೋಲ್ಟ್ ಬೇಕು. ಸರ್ಕ್ಯೂಟ್ ಒಮ್ಮೆ ನಡೆಯುತ್ತದೆ, ಒಮ್ಮೆ ನಿಲ್ಲುತ್ತದೆ. ಹುಡುಗ ತನ್ನ ತಲೆಯನ್ನೇ ದೂರುತ್ತಾನೆ. ಬೇಕಿದ್ದುದು ಇನ್ನೊಂದು ಟಿ: ಎಚ್‌ಸಿಟಿಗೆ 2 ವೋಲ್ಟ್ ಸಾಕು. ಉರ್ದು ಬಲ್ಲವರಿಗೆ ಇದು ಹೊಸದಲ್ಲ. ಒಂದು ನುಕ್ತಾ ಮೇಲಿನಿಂದ ಕೆಳಗಿಳಿದರೆ ‘ಖುದಾ’ ‘ಜುದಾ’ ಆಗುತ್ತದೆಯಲ್ಲ!

ಆರ್‌ಸಿಎ ಕಂಪನಿ 1968ರಲ್ಲಿ ತಂದ 4000 ಸರಣಿ ಬೇರೆಯೇ ವಂಶ. ಅದರ 4011ರಲ್ಲೂ ನಾಲ್ಕು ನ್ಯಾಂಡ್ ಗೇಟುಗಳು, 14 ಪಿನ್ನುಗಳು. ಆದರೆ 7400ರ 4ನೆಯ ಪಿನ್ ಇನ್‌ಪುಟ್, 4011ರಲ್ಲಿ ಅದು ಔಟ್‌ಪುಟ್. ಆದ್ದರಿಂದ ಒಂದನ್ನು ತೆಗೆದು ಇನ್ನೊಂದನ್ನು ಹಾಗೆಯೇ ಕೂರಿಸಬೇಡಿ. ಸಿಮಾಸ್ ಯಾವುದೇ ಇರಲಿ, ಬಳಸದ ಇನ್‌ಪುಟ್ಟನ್ನು ಗ್ರೌಂಡಿಗೋ ಪ್ಲಸ್ಸಿಗೋ ಜೋಡಿಸಿ. ಖಾಲಿ ಬಿಟ್ಟರೆ ಅದು ಸೊನ್ನೆ ಎಂದೀತೋ ಒಂದು ಎಂದೀತೋ ಹೇಳಲಾಗದು.