ಚಿತ್ತವಿಕಾರವೂ ಬಡತನವೂ

ಮನೆಯಲ್ಲೊಬ್ಬರಿಗೆ ಚಿತ್ತಸ್ವಾಸ್ಥ್ಯ ತಪ್ಪಿದರೆ ನೆರೆಹೊರೆಯವರು ಎರಡು ಮಾತುಗಳಲ್ಲೊಂದನ್ನು ಆಡುವುದುಂಟು. ‘ಅದು ಅವರ ವಂಶದಲ್ಲಿಯೇ ಇದೆ’ ಎಂಬುದು ಒಂದು. ‘ಪಾಪ, ಕಷ್ಟ ತಲೆಗೇರಿತು’ ಎಂಬುದು ಇನ್ನೊಂದು. ಮೊದಲನೆಯದು ದೇಹವನ್ನು ದೂರುತ್ತದೆ, ಎರಡನೆಯದು ಬಾಳನ್ನು. ಇವುಗಳಲ್ಲಿ ಯಾವುದು ದಿಟ? ತರ್ಕವನ್ನು ಬದಿಗಿಟ್ಟು, ಪೆಲ್ಲಾಗ್ರವೆಂಬ ರೋಗದ ಚರಿತ್ರೆಯನ್ನು ನೋಡೋಣ.

ಸ್ಪೇನ್ ದೇಶದ ವೈದ್ಯರಾದ ಗಾಸ್ಪಾರ್ ಕಸಾಲರು ೧೭೩೫ರಲ್ಲಿ ಬಡ ರೈತರಲ್ಲಿ ಇದನ್ನು ಗುರುತಿಸಿದರು. ಬಿಸಿಲು ತಾಗಿದೆಡೆಯಲ್ಲಿ ಚರ್ಮವು ಕೆಂಪೇರಿ ಒರಟಾಗುವುದು, ಅತಿಸಾರ ಹತ್ತುವುದು, ಕಡೆಗೆ ಬುದ್ಧಿ ಕದಡುವುದು. ಮುಸುಕಿನ ಜೋಳದ ಹಿಟ್ಟನ್ನೇ ಬೇಯಿಸಿ ಉಂಡು ಬದುಕುತ್ತಿದ್ದ ಉತ್ತರ ಇಟಲಿಯ ಬಡವರು ಈ ರೋಗದಿಂದ ಬುದ್ಧಿಗೆಟ್ಟು ಹುಚ್ಚಾಸ್ಪತ್ರೆಗಳನ್ನು ಸೇರಿದರು. ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಅಮೆರಿಕದ ದಕ್ಷಿಣ ಪ್ರಾಂತಗಳಲ್ಲಿಯೂ ಅದೇ ಕಥೆ. ಇದು ಅಂಟುಜಾಡ್ಯವೆಂದು ಕೆಲವರು ಹೇಳಿದರು. ವಂಶದ ದೌರ್ಬಲ್ಯವೂ ಇದಕ್ಕೆ ಕಾರಣವೆಂದು ಡೇವನ್‌ಪೋರ್ಟರು ೧೯೧೬ರಲ್ಲಿ ವಾದಿಸಿದರು.

೧೯೧೪ರಲ್ಲಿ ಸರ್ಕಾರವು ಜೋಸೆಫ್ ಗೋಲ್ಡ್‌ಬರ್ಗರರನ್ನು ಇದರ ವಿಚಾರಣೆಗೆ ನೇಮಿಸಿತು. ಹುಚ್ಚಾಸ್ಪತ್ರೆಗಳಲ್ಲಿಯೂ ಅನಾಥಾಲಯಗಳಲ್ಲಿಯೂ ಅವರು ಒಂದು ಸಣ್ಣ ಸಂಗತಿಯನ್ನು ಗಮನಿಸಿದರು. ರೋಗವು ಅಲ್ಲಿ ವಾಸಿಸುವವರಿಗೆ ಬರುತ್ತದೆ, ಅವರ ಜೊತೆಯಲ್ಲಿಯೇ ಇರುವ ದಾದಿಯರಿಗೆ ಬರುವುದಿಲ್ಲ. ಅಂಟುಜಾಡ್ಯಕ್ಕೆ ಇಂಥ ಪಕ್ಷಪಾತವೆಲ್ಲಿಯದು? ಭೇದವಿದ್ದುದು ಊಟದಲ್ಲಿ. ೧೯೧೫ರಲ್ಲಿ, ಬಿಡುಗಡೆಯ ಆಸೆಯಿಂದ ಒಪ್ಪಿದ ಹನ್ನೊಂದು ಮಂದಿ ಕೈದಿಗಳಿಗೆ ಬಡವರ ಆ ಊಟವನ್ನೇ ಇಕ್ಕಿದಾಗ, ಆರು ಮಂದಿಯಲ್ಲಿ ರೋಗಲಕ್ಷಣ ತೋರಿತು. ಸೆರೆಯಲ್ಲಿರುವವನ ಒಪ್ಪಿಗೆಯನ್ನು ನಿಜವಾದ ಒಪ್ಪಿಗೆಯೆನ್ನಲು ನಮ್ಮ ಮನಸ್ಸು ಹಿಂಜರಿಯುತ್ತದೆ. ಆದರೆ ಗೋಲ್ಡ್‌ಬರ್ಗರರು ತಮ್ಮನ್ನೂ ಬಿಡಲಿಲ್ಲ. ರೋಗವು ಅಂಟುವುದಿಲ್ಲವೆಂದು ತೋರಿಸಲು ೧೯೧೬ರಲ್ಲಿ ರೋಗಿಗಳ ರಕ್ತವನ್ನು ತಮ್ಮ ಮೈಗೇ ಚುಚ್ಚಿಸಿಕೊಂಡರು.

ಹಾಗಾದರೆ ಜನರು ಸರಿಯಾಗಿ ಉಣ್ಣಲಿಲ್ಲವೇಕೆ? ಅರ್ಥಶಾಸ್ತ್ರಜ್ಞರಾದ ಸೈಡನ್‌ಸ್ಟ್ರಿಕರರೊಡನೆ ಗಿರಣಿ ಊರುಗಳಲ್ಲಿ ಲೆಕ್ಕ ಹಾಕಿದಾಗ, ವರಮಾನ ಇಳಿದಷ್ಟೂ ರೋಗ ಏರುವುದು ಕಂಡಿತು. ಹಳ್ಳಿಗಳಲ್ಲಿಯೋ, ಮನೆಯ ಬಾಗಿಲವರೆಗೂ ಹತ್ತಿಯನ್ನೇ ಬಿತ್ತುತ್ತಿದ್ದ ಗೇಣಿದಾರನಿಗೆ ಕಾಯಿಪಲ್ಯಕ್ಕೆ ನೆಲವಿರಲಿಲ್ಲ, ಹಾಲಿಗೆ ಹಸುವಿರಲಿಲ್ಲ.

ಗೋಲ್ಡ್‌ಬರ್ಗರರು ೧೯೨೯ರಲ್ಲಿ ತೀರಿಕೊಂಡರು. ಊಟದಲ್ಲಿ ಕೊರೆಯಾಗಿದ್ದ ವಸ್ತು ನಿಕೋಟಿನಿಕ್ ಆಮ್ಲವೆಂಬುದನ್ನು ೧೯೩೭ರಲ್ಲಿ ಎಲ್ವೆಹ್ಯಾಮರು ತೋರಿಸಿಕೊಟ್ಟರು. ಮುಸುಕಿನ ಜೋಳದಲ್ಲಿ ಅದು ದೇಹಕ್ಕೆ ದಕ್ಕದಂತೆ ಬಂಧಿತವಾಗಿರುತ್ತದೆ. ಮೆಕ್ಸಿಕೋದ ಹೆಂಗಸರು ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸುತ್ತಿದ್ದುದರಿಂದ ಆ ಬಂಧ ಸಡಿಲುತ್ತಿತ್ತು. ಕಾಳು ಕಡಲು ದಾಟಿತು. ಅಡುಗೆಯ ಅರಿವು ಹಿಂದೆಯೇ ಉಳಿಯಿತು. ನಮ್ಮ ದಖ್ಖನಿನಲ್ಲಿಯೂ, ಬಿಳಿಜೋಳವನ್ನೇ ನೆಚ್ಚಿದ ಬಡವರಲ್ಲಿ ಪೆಲ್ಲಾಗ್ರ ಇದ್ದುದನ್ನು ಹೈದರಾಬಾದಿನ ಗೋಪಾಲನ್ ಮತ್ತು ಶ್ರೀಕಂಠಯ್ಯನವರು ೧೯೬೦ರಲ್ಲಿ ವರದಿ ಮಾಡಿದರು.

ಎಲ್ಲ ಚಿತ್ತವಿಕಾರಗಳೂ ಹೀಗೆ ಒಂದೇ ಕೊರತೆಯಿಂದ ಹುಟ್ಟುತ್ತವೆಂದು ನಾವು ಹೇಳುತ್ತಿಲ್ಲ. ಕೆಲವದರಲ್ಲಿ ಆನುವಂಶಿಕತೆಯ ಪಾಲು ದೊಡ್ಡದೇ ಇದೆ. ಆದರೂ ಈ ಚರಿತ್ರೆ ಒಂದು ಎಚ್ಚರಿಕೆಯನ್ನು ಕೊಡುತ್ತದೆ. ಆಮ್ಲದ ಕೊರತೆಯೆಂದ ರಸಾಯನಜ್ಞನೂ ಕೂಲಿಯ ಕೊರತೆಯೆಂದ ಅರ್ಥಶಾಸ್ತ್ರಜ್ಞನೂ ಒಂದೇ ನಿಜವನ್ನು ಎರಡು ಕೊನೆಗಳಿಂದ ಹಿಡಿದಿದ್ದರು. ಬಡವನ ಹಸಿವನ್ನು ಅವನ ರಕ್ತದ ದೋಷವೆಂದು ಕರೆದವರಿಗೆ ಆ ಎರಡೂ ಕಾಣಲಿಲ್ಲ. ಆದುದರಿಂದ ‘ಅದು ಅವರ ವಂಶದಲ್ಲಿಯೇ ಇದೆ’ ಎಂಬ ಮಾತು ಬಾಯಿಗೆ ಬಂದಾಗ, ಆ ಮನೆಯ ಒಲೆಯ ಮೇಲೆ ಏನಿದೆಯೆಂದು ಒಮ್ಮೆ ನೋಡುವುದು ನಮಗೆಲ್ಲ ಒಳ್ಳೆಯದು.