ಕಣ ಕಂಡರೆ ಚಿತ್ರ ಕಂಡಂತೆ

ಗತಿಸಿದ ಹಿರಿಯರ ಒಂದೇ ಒಂದು ನೆಗೆಟಿವ್ ಮನೆಯಲ್ಲಿ ಉಳಿದಿದೆ, ಅದನ್ನು ದೊಡ್ಡದು ಮಾಡಿಸಬೇಕು ಎನ್ನೋಣ. ಎನ್‌ಲಾರ್ಜರಿನ ಕೆಳಗೆ ಬಿದ್ದ ಮಂದಬೆಳಕಿನಲ್ಲಿ ಆ ಮುಖದ ರೆಪ್ಪೆಗೂದಲು ಸ್ಫುಟವಾಗಿದೆಯೇ ಎಂದು ಬರಿಗಣ್ಣು ಹೇಳಲಾರದು. 40 ದಾಟಿದ ಕಣ್ಣಿನ ಮಾತಂತೂ ಕೇಳುವುದೇ ಬೇಡ.

ಇದಕ್ಕೆಂದೇ ಗ್ರೇನ್ ಫೋಕಸರ್ ಎಂಬ ಪುಟ್ಟ ಸಾಧನವಿದೆ. ಅದರ ಕನ್ನಡಿ ಬೆಳಕನ್ನು ಮೇಲಕ್ಕೆ ತಿರುಗಿಸುತ್ತದೆ. ಮಸೂರವು ಫಿಲ್ಮಿನ ಬೆಳ್ಳಿಕಣಗಳನ್ನೇ ಹಿಗ್ಗಿಸಿ ತೋರಿಸುತ್ತದೆ. ಕಣ ಸ್ಫುಟವಾದರೆ ಚಿತ್ರವೂ ಸ್ಫುಟ.

ಕೊಳ್ಳುವಾಗ ಮೂರು ಗುಣಗಳನ್ನು ನೋಡಿರಿ. ಒಳಗೊಂದು ಸೂಕ್ಷ್ಮ ಗೆರೆ ಇರಬೇಕು. ಮಸೂರವನ್ನು ತಿರುಗಿಸಿ ಅದನ್ನು ನಮ್ಮ ಕಣ್ಣಿಗೆ ಹೊಂದಿಸಿಕೊಳ್ಳುವಂತಿರಬೇಕು. ಗೆರೆಯಿಲ್ಲದಿದ್ದರೆ ಕಣ್ಣು ತಾನೇ ಹೊಂದಿಕೊಂಡು ನಮ್ಮನ್ನು ವಂಚಿಸುತ್ತದೆ. ಕನ್ನಡಿಯ ಲೇಪ ಗಾಜಿನ ಮುಂಭಾಗದಲ್ಲಿರಬೇಕು. ಹಿಂಭಾಗದಲ್ಲಿದ್ದರೆ ಬಿಂಬ ಜೋಡಿಯಾಗುತ್ತದೆ. ಚಿತ್ರದ ನಡುವೆ ಮಾತ್ರವಲ್ಲದೆ ಮೂಲೆಯಲ್ಲಿಯೂ ಕಣ ಕಾಣಬೇಕಾದರೆ ಕನ್ನಡಿ ಉದ್ದವಾಗಿರಬೇಕು, ಮಸೂರದ ಕೊಳವೆ ಓರೆಯಾಗುವಂತಿರಬೇಕು. 10 ಪಟ್ಟು ಹಿಗ್ಗಿಸಿದರೆ ಸಾಕು. ಹೆಚ್ಚು ಹಿಗ್ಗಿಸಿದಷ್ಟೂ ನೋಟ ಮಂಕಾಗುತ್ತದೆ.

ಹಳೆಯದನ್ನು ಕೊಳ್ಳುವವರು ಒಂದು ಪರೀಕ್ಷೆ ಮಾಡತಕ್ಕದ್ದು. ಮುದ್ರಿಸುವ ಕಾಗದದ್ದೇ ಒಂದು ತುಂಡನ್ನು ಸಾಧನದ ಕೆಳಗಿಟ್ಟು, ಲೆನ್ಸಿನ ಬಾಯಿ ಪೂರ್ತಿ ತೆರೆದು ಕಣವನ್ನು ಸ್ಫುಟಗೊಳಿಸಿ, ಹಾಗೆಯೇ ಒಂದು ಪ್ರತಿ ತೆಗೆಯಿರಿ. ಕಾಗದದ ಮೇಲೆ ಕಣ ಮಸುಕಾದರೆ ಕನ್ನಡಿ ಕದಲಿದೆಯೆಂದೇ ಶಂಕಿಸಿರಿ. ಅಂಥ ಸಾಧನವು ಎಷ್ಟೇ ಅಗ್ಗವಾದರೂ ಬೇಡ. ಇರುವ ಒಂದೇ ನೆಗೆಟಿವನ್ನು ಅದರ ಕೈಗೆ ಒಪ್ಪಿಸಲಾಗದು.